ಗುಟ್ಟು ಕೇಳದೆ ಗುರುತು ಹಿಡಿಯುವ ಸರ್ವರ್ ಬರೆಯುವುದು ಹೇಗೆ?

ಮುಂಬೈಯಲ್ಲಿ ನಮ್ಮವರ ಹೋಟೆಲುಗಳ ಗಲ್ಲಾದ ಮೇಲೆ ಈಗ ಕಂಪ್ಯೂಟರ್ ಕೂತಿದೆ. ಡೊಂಬಿವಲಿ, ಘಾಟ್‌ಕೋಪರ್, ಥಾಣೆ ಎಂದು ಮೂರು ಕಡೆ ಶಾಖೆ ಇದ್ದರೆ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಮೂರೂ ಗಲ್ಲಾಗಳ ಲೆಕ್ಕ ಧಣಿಗಳ ಒಂದೇ ಸರ್ವರಿಗೆ, ಅಂದರೆ ಎಲ್ಲ ಲೆಕ್ಕ ಬಂದು ಸೇರುವ ಕಂಪ್ಯೂಟರಿಗೆ, ಹೋಗಬೇಕು. ಇದನ್ನು ಬರೆದುಕೊಡುವವರು ಹೆಚ್ಚಾಗಿ ಅಕ್ಕನ ಮಗನೋ, ಐರೋಲಿಯಲ್ಲಿ ಕೆಲಸಕ್ಕಿರುವ ಪಕ್ಕದ ಬಿಲ್ಡಿಂಗಿನ ಹುಡುಗಿಯೋ. ಬಿಲ್ಲು, ಜಿಎಸ್‌ಟಿ, ಸ್ಟಾಕು ಎಲ್ಲ ಅಚ್ಚುಕಟ್ಟಾಗಿರುತ್ತದೆ. ಲೆಕ್ಕ ಕಳಿಸುತ್ತಿರುವುದು ನಿಜಕ್ಕೂ ಘಾಟ್‌ಕೋಪರಿನ ಗಲ್ಲಾವೇ ಎಂದು ಸರ್ವರ್ ಖಾತ್ರಿ ಮಾಡಿಕೊಳ್ಳುವ ಜಾಗದಲ್ಲಿ ಮಾತ್ರ ಎಡವಟ್ಟು. ಅಂಥ ಕೋಡು ಮತ್ತೆ ಮತ್ತೆ ಕಣ್ಣಿಗೆ ಬಿದ್ದದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ವಿಧಾನದ ಹೆಸರು ಚಾಲೆಂಜ್-ರೆಸ್ಪಾನ್ಸ್. ಗಲ್ಲಾ ಸಂಪರ್ಕಕ್ಕೆ ಬಂದಾಗ ಸರ್ವರ್ ಅದಕ್ಕೊಂದು ಹೊಸ ಸವಾಲು ಕೊಡುತ್ತದೆ, ಅಂದರೆ ಯಾರೂ ಊಹಿಸಲಾಗದ ಒಂದಿಷ್ಟು ಬೈಟುಗಳು. ಗಲ್ಲಾ ತನ್ನ ಕೀಲಿಯನ್ನೂ ಆ ಸವಾಲನ್ನೂ ಸೇರಿಸಿ ಒಂದು ಲೆಕ್ಕ ಹಾಕಿ ಉತ್ತರ ಕಳಿಸುತ್ತದೆ. ಸರ್ವರ್ ತನ್ನಲ್ಲಿರುವ ಕೀಲಿಯಿಂದ ಅದೇ ಲೆಕ್ಕ ಹಾಕಿ ತಾಳೆ ನೋಡುತ್ತದೆ. ಕೀಲಿ ನೆಟ್‌ವರ್ಕಿನ ಮೇಲೆ ಓಡಾಡುವುದೇ ಇಲ್ಲ, ಹಾಗಾಗಿ ಸರ್ವರಿನ ಡೀಬಗ್ ಲಾಗಿನಲ್ಲಿ ಅಪ್ಪಿತಪ್ಪಿ ಅಚ್ಚಾಗುವ ಭಯವೂ ಇಲ್ಲ. ಹೊಸ ವಿದ್ಯೆಯೇನಲ್ಲ. ಡಯಲ್-ಅಪ್ ಮೋಡೆಮ್ ಕಾಲದ ಚಾಪ್ ಎಂಬ ಪ್ರೋಟೋಕಾಲ್ 1996ರಲ್ಲೇ ಆರ್‌ಎಫ್‌ಸಿ ಎಂಬ ಇಂಟರ್ನೆಟ್ ದಾಖಲೆಗಳ ಸಾಲಿನಲ್ಲಿ 1994ನೇ ಸಂಖ್ಯೆಯದಾಗಿ ಪ್ರಕಟವಾಗಿತ್ತು. ಅದರಲ್ಲಿದ್ದ ಎಂಡಿ5 ಎಂಬ ಹ್ಯಾಶ್ (ಎಷ್ಟೇ ಉದ್ದದ ಸಂದೇಶವನ್ನೂ ನಿಗದಿತ ಉದ್ದದ ಗುರುತಾಗಿ ಇಳಿಸುವ ಲೆಕ್ಕ) ಮಾತ್ರ ಈಗ ಯಾರೂ ಮುಟ್ಟಬಾರದ ವಸ್ತು.

ಹಂತ 1: ಕೀಲಿ

ಒಂದೊಂದು ಗಲ್ಲಾಕ್ಕೆ ಒಂದೊಂದು ಕೀಲಿ, 32 ಬೈಟು, ಯಂತ್ರವೇ ಹುಟ್ಟಿಸಿದ್ದು. ಹೋಟೆಲಿನ ಹೆಸರು, ಧಣಿಗಳ ಮೊಬೈಲ್ ನಂಬರು, ಉದ್ಘಾಟನೆಯ ತಾರೀಕು ಇವ್ಯಾವುದೂ ಕೀಲಿಯಲ್ಲ. ನಡುವೆ ಕದ್ದು ಕೇಳಿದವನ ಕೈಗೆ ಒಂದು ಸವಾಲು ಮತ್ತು ಅದರ ಉತ್ತರ ಸಿಕ್ಕರೆ ಸಾಕು, ಮನೆಯಲ್ಲಿ ಕೂತು ಒಂದೊಂದೇ ಪಾಸ್‌ವರ್ಡ್ ಹಾಕಿ ತಾಳೆ ನೋಡಬಹುದು. ಸರ್ವರಿಗೆ ಅದರ ಸುಳಿವೂ ಸಿಗುವುದಿಲ್ಲ. 32 ಬೈಟಿನ ಯಾದೃಚ್ಛಿಕ ಕೀಲಿಯೆದುರು ಆ ಆಟ ನಡೆಯದು.

ಮನುಷ್ಯರು ನೆನಪಿಟ್ಟುಕೊಳ್ಳುವ ಪಾಸ್‌ವರ್ಡಿಗೇ ಇದನ್ನು ಮಾಡಬೇಕೆಂದಿದ್ದರೆ ಸ್ವಂತ ಬರೆಯಬೇಡಿ, ಪಾಸ್‌ವರ್ಡಿಗೆಂದೇ ಮಾಡಿದ ಸ್ಕ್ರ್ಯಾಮ್ ಎಂಬ ಚಾಲೆಂಜ್-ರೆಸ್ಪಾನ್ಸ್ ಪದ್ಧತಿ ಬಳಸಿ. 2010ರ ಆರ್‌ಎಫ್‌ಸಿ 5802ರಲ್ಲಿ ಅದರ ವಿವರವಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ 2017ರ 10ನೇ ಆವೃತ್ತಿಯಿಂದ ಅದನ್ನೇ ಬಳಸಲು ಬಿಟ್ಟಿದೆ.

ಕೀಲಿಗಳ ಕಡತ ಕೋಡಿನ ಜೊತೆ ಗಿಟ್‌ಗೆ ಹೋಗಬಾರದು. ಸರ್ವರಿನಿಂದ ಆ ಕಡತ ಕದ್ದವನು ಯಾವ ಗಲ್ಲಾದ ವೇಷವನ್ನಾದರೂ ಹಾಕಬಲ್ಲ. ಆ ಚಿಂತೆಯೇ ಬೇಡವೆನ್ನುವವರು ಇಡಿ25519 ಸಹಿಗೆ ಹೋಗಲಿ. ಆಗ ಸಹಿ ಹಾಕುವ ಗುಟ್ಟಿನ ಕೀಲಿ ಗಲ್ಲಾದಲ್ಲೇ ಇರುತ್ತದೆ, ಸರ್ವರಿನಲ್ಲಿರುವುದು ಸಹಿಯನ್ನು ತಾಳೆ ನೋಡುವ ಸಾರ್ವಜನಿಕ ಕೀಲಿ ಮಾತ್ರ. ಉತ್ತರ ಲೆಕ್ಕ ಹಾಕುವ ಮತ್ತು ತಾಳೆ ನೋಡುವ 4, 5ನೇ ಹಂತಗಳನ್ನು ಬಿಟ್ಟರೆ ಉಳಿದವೆಲ್ಲ ಹೀಗೆಯೇ. ಅಂದ ಹಾಗೆ, ಹೆಸರಿಲ್ಲದ ಅಗ್ಗದ ಬಿಲ್ಲಿಂಗ್ ಪೆಟ್ಟಿಗೆ ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: ಇದರ ಕೀಲಿ ಬದಲಾಯಿಸಬಹುದೇ? ಅಂಗಡಿಯವನು ಮುಖ ನೋಡಿದರೆ ಕೊಳ್ಳಬೇಡಿ.

ಹಂತ 2: ಸವಾಲು ಹುಟ್ಟಿಸುವುದು

ಪೈಥಾನಿನಲ್ಲಾದರೆ ಸೀಕ್ರೆಟ್ಸ್ ಮಾಡ್ಯೂಲಿನ ಟೋಕನ್_ಬೈಟ್ಸ್, ಪಿಎಚ್‌ಪಿಯಲ್ಲಿ ರ್‍ಯಾಂಡಮ್_ಬೈಟ್ಸ್. ಅಳತೆ 32 ಬೈಟು. ಇಷ್ಟೇ ಕೆಲಸ.

ಪೈಥಾನಿನ ಮಾಮೂಲಿ ರ್‍ಯಾಂಡಮ್ ಮಾಡ್ಯೂಲ್ ಬೇಡ. ಅದರೊಳಗಿರುವುದು ಮರ್ಸೆನ್ ಟ್ವಿಸ್ಟರ್ ಎಂಬ ಲೆಕ್ಕದ ಸೂತ್ರ. ಸಾಲಾಗಿ 624 ಔಟ್‌ಪುಟ್ ನೋಡಿದವನು ಮುಂದಿನದನ್ನೆಲ್ಲ ಹೇಳಬಲ್ಲ. ಗಡಿಯಾರದ ಸಮಯವನ್ನೇ ಸವಾಲು ಮಾಡುವವರೂ ಇದ್ದಾರೆ. ನಾಳೆ ರಾತ್ರಿ 11ಕ್ಕೆ ಯಾವ ಸವಾಲು ಬರುತ್ತದೆಂದು ಇವತ್ತೇ ಗೊತ್ತಿದ್ದರೆ, ಸರ್ವರಿನ ಸೋಗಿನಲ್ಲಿ ಗಲ್ಲಾಕ್ಕೆ ಇವತ್ತೇ ಆ ಸವಾಲು ಕೊಟ್ಟು ಉತ್ತರ ಪಡೆದಿಟ್ಟುಕೊಳ್ಳಬಹುದಲ್ಲ!

ಹಂತ 3: ಸವಾಲನ್ನು ನೆನಪಿಡುವುದು, ಆಮೇಲೆ ಹರಿದು ಹಾಕುವುದು

ಕೆಡುವುದೆಲ್ಲ ಇಲ್ಲಿಯೇ. ಹ್ಯಾಶಿನ ಲೆಕ್ಕವನ್ನು ಎಲ್ಲಿಂದಾದರೂ ನಕಲು ಮಾಡಿ ತರಬಹುದು. ಸರ್ವರಿನ ನೆನಪನ್ನು ಮಾತ್ರ ನೀವೇ ಬರೆಯಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇದು. ಗಲ್ಲಾ ಉತ್ತರ ಕಳಿಸುವಾಗ ಜೊತೆಗೆ ಸವಾಲನ್ನೂ ವಾಪಸ್ ಕಳಿಸುತ್ತದೆ. ಸರ್ವರ್ ಹಾಗೆ ಬಂದ ಸವಾಲನ್ನೇ ತೆಗೆದುಕೊಂಡು ಲೆಕ್ಕ ಹಾಕಿ, ಉತ್ತರ ಸರಿಯಿದೆ ಎಂದು ಒಳಗೆ ಬಿಡುತ್ತದೆ. ತಾನು ಆ ಸವಾಲು ಕೊಟ್ಟಿದ್ದೆನೇ ಎಂದು ನೋಡುವುದೇ ಇಲ್ಲ. ಯಾವತ್ತೋ ಒಂದು ದಿನ ಕದ್ದ ಜೋಡಿ ಎಂದೆಂದಿಗೂ ಚಲಾವಣೆಯಲ್ಲಿರುತ್ತದೆ. ನೋಡುವುದಕ್ಕೆ ಚಾಲೆಂಜ್-ರೆಸ್ಪಾನ್ಸ್, ಅಸಲಿಗೆ ಉದ್ದದ ಪಾಸ್‌ವರ್ಡ್. ಸವಾಲು ಗಲ್ಲಾದಿಂದ ವಾಪಸ್ ಬರಲೇಬಾರದು. ಬಂದರೂ ಸರ್ವರ್ ಅದನ್ನು ನಂಬಬಾರದು.

ಎರಡನೆಯದು, ಸವಾಲನ್ನು ಇಡೀ ಪ್ರೋಗ್ರಾಮಿಗೆ ಒಂದೇ ಗ್ಲೋಬಲ್ ವೇರಿಯಬಲ್‌ನಲ್ಲಿ ಇಡುವುದು. ಮನೆಯಲ್ಲಿ ಒಂದೇ ಲ್ಯಾಪ್‌ಟಾಪಿನಿಂದ ಪರೀಕ್ಷೆ ಮಾಡಿದಾಗ ಚೆನ್ನಾಗಿಯೇ ಓಡುತ್ತದೆ. ಹೋಟೆಲಿನಲ್ಲಿ ರಾತ್ರಿ ಮೂರೂ ಗಲ್ಲಾಗಳು ಒಟ್ಟಿಗೆ ಬಂದಾಗ ಡೊಂಬಿವಲಿಗೆ ಕೊಟ್ಟ ಸವಾಲಿನ ಮೇಲೆ ಘಾಟ್‌ಕೋಪರಿನದು ಬಂದು ಕೂರುತ್ತದೆ, ಡೊಂಬಿವಲಿಯ ಸರಿಯುತ್ತರ ತಪ್ಪಾಗುತ್ತದೆ. "ಸಾರ್, ನೆಟ್‌ವರ್ಕ್ ಪ್ರಾಬ್ಲೆಮ್ಮು, ಮಳೆ ಅಲ್ವಾ" ಎಂಬ ಉತ್ತರ ಇದಕ್ಕೆ ಸಿದ್ಧವಾಗಿರುತ್ತದೆ. ಮಳೆಯಲ್ಲ.

ಸರಿಯಾದ ಕ್ರಮ ಎರಡು ಬಗೆ. ನೇರ ಟಿಸಿಪಿ ಸಾಕೆಟ್ ಆಗಿದ್ದು ಸಂಪರ್ಕ ತೆರೆದೇ ಇರುವುದಾದರೆ, ಆ ಸಂಪರ್ಕವನ್ನು ನೋಡಿಕೊಳ್ಳುವ ಫಂಕ್ಷನ್ನಿನ ಒಳಗಿನ ಲೋಕಲ್ ವೇರಿಯಬಲ್‌ನಲ್ಲಿಡಿ. ಸಂಪರ್ಕ ಕಡಿದರೆ ಸವಾಲೂ ಸತ್ತಿತು. ನನಗೆ ಇದೇ ಇಷ್ಟ, ಸಾಧ್ಯವಿದ್ದವರು ಇದನ್ನೇ ಮಾಡಿ. ವೆಬ್ಬಿನ ಎಚ್‌ಟಿಟಿಪಿ ಆದರೆ ಸವಾಲು ಕೊಟ್ಟ ಪ್ರೊಸೆಸ್ ಒಂದು, ಉತ್ತರ ಬಂದು ಬೀಳುವ ಪ್ರೊಸೆಸ್ ಇನ್ನೊಂದು ಆಗಿರಬಹುದು. ಹಾಗಾಗಿ ಎರಡಕ್ಕೂ ಕಾಣುವ ಜಾಗದಲ್ಲಿ, ಮೆಮೊರಿಯಲ್ಲೇ ಮಾಹಿತಿ ಇಡುವ ರೆಡಿಸ್‌ನಲ್ಲೋ ಡೇಟಾಬೇಸಿನಲ್ಲೋ, ಒಂದು ಐಡಿಯ ಕೆಳಗೆ ಇಡಬೇಕು. ಜೊತೆಗೆ ಅದು ಯಾವ ಗಲ್ಲಾಕ್ಕೆ ಕೊಟ್ಟದ್ದು ಎಂದೂ ಬರೆದಿಡಬೇಕು. ಆಯುಷ್ಯ 30 ಸೆಕೆಂಡು ಧಾರಾಳ. ನೀವೇ ಸಮಯ ಅಳೆಯುವುದಾದರೆ ಟೈಮ್ ಮಾಡ್ಯೂಲಿನ ಮಾನೋಟಾನಿಕ್ ಬಳಸಿ, ಗೋಡೆ ಗಡಿಯಾರದ ಸಮಯವನ್ನು ಯಾರಾದರೂ ಹಿಂದೆ ತಿರುಗಿಸಬಹುದು.

ಇನ್ನು ಹರಿಯುವ ವಿಚಾರ. ಕೂಪನ್ ಪದ್ಧತಿಯ ಹೋಟೆಲಿನಲ್ಲಿ ಕಾಫಿ ಕೌಂಟರಿನವನು ಮೊದಲು ಕೂಪನ್ ಹರಿಯುತ್ತಾನೆ, ಆಮೇಲೆ ಲೋಟ ಮುಂದಿಡುತ್ತಾನೆ. ಲೋಟ ಕೊಟ್ಟು ಆಮೇಲೆ ಹರಿದರಾಯಿತು ಅಂದರೆ ಸಂಜೆಯ ಗದ್ದಲದಲ್ಲಿ ಒಂದೇ ಕೂಪನ್ ಎರಡು ಕೌಂಟರಿಗೆ ಹೋಗಿಬಿಡುತ್ತದೆ. ಸರ್ವರ್ ಮಾಡಬೇಕಾದದ್ದೂ ಅದನ್ನೇ: ಮೊದಲು ಸವಾಲನ್ನು ತೆಗೆದು ಅಳಿಸಿ, ಆಮೇಲೆ ಉತ್ತರ ನೋಡಿ. ಉತ್ತರ ತಪ್ಪಾದರೂ ಸವಾಲು ಹೋಯಿತು, ಗಲ್ಲಾ ಹೊಸದು ಕೇಳಲಿ.

ತೆಗೆಯುವುದು ಮತ್ತು ಅಳಿಸುವುದು ಒಂದೇ ಏಟಿಗೆ ಆಗಬೇಕು. ರೆಡಿಸ್‌ನಲ್ಲಿ ಗೆಟ್ ಮಾಡಿ ಮುಂದಿನ ಸಾಲಿನಲ್ಲಿ ಡೆಲ್ ಬರೆದರೆ, ಆ ಎರಡರ ನಡುವಿನ ಸಂದಿಯಲ್ಲಿ ಅದೇ ಉತ್ತರದ ಇನ್ನೊಂದು ಪ್ರತಿ ನುಗ್ಗಿ ಅದಕ್ಕೂ ಸವಾಲು ಸಿಗುತ್ತದೆ. ಒಂದು ಉತ್ತರಕ್ಕೆ ಎರಡು ಲಾಗಿನ್. 2021ರ 6.2 ಆವೃತ್ತಿಯಿಂದ ರೆಡಿಸ್‌ನಲ್ಲಿ ಗೆಟ್‌ಡೆಲ್ ಎಂಬ ಒಂದೇ ಆಜ್ಞೆ ಇದೆ. ಪೋಸ್ಟ್‌ಗ್ರೆಸ್ ಆದರೆ ಡಿಲೀಟ್ ಜೊತೆ ರಿಟರ್ನಿಂಗ್ ಹಾಕಿ. ಸಾಲು ಬರದಿದ್ದರೆ ಬಾಗಿಲು ಮುಚ್ಚಿ.

ಸವಾಲು ಕೇಳುವುದಕ್ಕೆ ಯಾವ ಗುರುತೂ ಬೇಕಿಲ್ಲವಾದ್ದರಿಂದ ದಾರಿಹೋಕರು ಲಕ್ಷ ಸಲ ಕೇಳಿ ನಿಮ್ಮ ಮೆಮೊರಿ ತುಂಬಿಸಬಹುದು. ಒಂದು ಸಂಪರ್ಕಕ್ಕೆ ಒಂದೇ ಬಾಕಿ ಸವಾಲು, ಒಂದು ವಿಳಾಸಕ್ಕೆ ನಿಮಿಷಕ್ಕಿಷ್ಟು ಎಂಬ ಮಿತಿ ಹಾಕಿಡಿ.

ಹಂತ 4: ಗಲ್ಲಾದ ಉತ್ತರ

ಲೆಕ್ಕಕ್ಕೆ ಎಚ್‌ಮ್ಯಾಕ್-ಎಸ್‌ಎಚ್‌ಎ-256 ಬಳಸಿ, ಅಂದರೆ ಎಸ್‌ಎಚ್‌ಎ-256 ಎಂಬ ಹ್ಯಾಶಿಗೆ ಕೀಲಿಯನ್ನು ಸುರಕ್ಷಿತವಾಗಿ ಬೆರೆಸುವ ವಿಧಾನ. ಕೀಲಿಯ ಬಾಲಕ್ಕೆ ಸವಾಲು ಅಂಟಿಸಿ ಬರೀ ಎಸ್‌ಎಚ್‌ಎ-256 ಹಾಕುವ ಅಡ್ಡದಾರಿ ಬೇಡ. ಆ ಹ್ಯಾಶಿನ ಔಟ್‌ಪುಟ್ ಸಿಕ್ಕವನು ಕೀಲಿ ಗೊತ್ತಿಲ್ಲದೆಯೇ ಸಂದೇಶವನ್ನು ಉದ್ದ ಮಾಡಿ ಅದಕ್ಕೂ ಸರಿಯಾದ ಹ್ಯಾಶ್ ತೆಗೆಯಬಲ್ಲ. 1997ರ ಆರ್‌ಎಫ್‌ಸಿ 2104ರಲ್ಲಿ ಎಚ್‌ಮ್ಯಾಕ್ ಬಂದ ಮೇಲೆ ಆ ತೊಂದರೆಗೆ ಕಾರಣವೇ ಉಳಿದಿಲ್ಲ.

ಲೆಕ್ಕಕ್ಕೆ ಸವಾಲೊಂದನ್ನೇ ಹಾಕಬೇಡಿ. ಪ್ರೋಟೋಕಾಲಿನ ಹೆಸರು ಮತ್ತು ಆವೃತ್ತಿ, "ಗಲ್ಲಾದಿಂದ ಸರ್ವರಿಗೆ" ಎಂಬ ದಿಕ್ಕು, ಗಲ್ಲಾದ ಹೆಸರು, ಆಮೇಲೆ ಸವಾಲು ಹೀಗೆ ಕಟ್ಟಿ. ದಿಕ್ಕು ಯಾಕೆಂದರೆ, ಸರ್ವರ್ ಕೂಡ ಅದೇ ಕೀಲಿಯಿಂದ ತನ್ನ ಗುರುತು ತೋರಿಸುವ ಏರ್ಪಾಡಿದ್ದಾಗ ಕಳ್ಳ ಎರಡು ಸಂಪರ್ಕ ತೆರೆಯುತ್ತಾನೆ. ಮೊದಲನೆಯದರಲ್ಲಿ ಸರ್ವರ್ ಕೊಟ್ಟ ಸವಾಲನ್ನು ಎರಡನೆಯದರಲ್ಲಿ ಸರ್ವರಿಗೇ ಕೊಟ್ಟು, ಅದರ ಕೈಯಿಂದಲೇ ಉತ್ತರ ಬರೆಸಿಕೊಳ್ಳುತ್ತಾನೆ. ದಿಕ್ಕು ಬೇರೆಯಾದರೆ ಉತ್ತರವೂ ಬೇರೆ. ಪ್ರತಿ ಭಾಗದ ಮುಂದೆ ಅದರ ಉದ್ದ ಬರೆಯಿರಿ, ಇಲ್ಲವಾದರೆ "ಥಾಣೆ1" ಮತ್ತು "2" ಸೇರಿದ್ದೂ "ಥಾಣೆ" ಮತ್ತು "12" ಸೇರಿದ್ದೂ ಒಂದೇ ಆಗಿಬಿಡುತ್ತದೆ.

ಸವಾಲೂ 32 ಬೈಟು, ಉತ್ತರವೂ 32 ಬೈಟು ಆಗಿರುವುದು ಸಾಕೆಟ್ ಬರೆಯುವವರಿಗೆ ಅನುಕೂಲ. ರಿಸೀವ್ ಒಮ್ಮೆ ಕರೆದರೆ 32 ಬಂದೇಬರುತ್ತದೆಂದು ಮಾತ್ರ ತಿಳಿಯಬೇಡಿ. ಟಿಸಿಪಿ 20 ಕೊಟ್ಟು ಸುಮ್ಮನಾಗಬಹುದು. 32 ತುಂಬುವ ತನಕ ಲೂಪಿನಲ್ಲಿ ಓದಿ, 10 ಸೆಕೆಂಡಿನ ಟೈಮ್‌ಔಟ್ ಇಡಿ.

ಹಂತ 5: ತಾಳೆ ನೋಡುವುದು

ಎಚ್‌ಮ್ಯಾಕ್ ಮಾಡ್ಯೂಲಿನ ಕಂಪೇರ್_ಡೈಜೆಸ್ಟ್. ಎರಡು ಸಮ ಚಿಹ್ನೆ ಬೇಡ, ಮೊದಲ ತಪ್ಪು ಬೈಟಿಗೇ ನಿಂತುಬಿಡುವ ಹೋಲಿಕೆ ತಗಲುವ ಸಮಯದಿಂದಲೇ ಸುಳಿವು ಕೊಡುತ್ತದೆ.

ಪಟ್ಟಿಯಲ್ಲಿಲ್ಲದ ಗಲ್ಲಾದ ಹೆಸರು ಹೇಳಿ ಯಾರಾದರೂ ಬಂದರೆ? ಅವರಿಗೂ ಸವಾಲು ಕೊಡಿ. ಒಂದು ಸುಳ್ಳು ಕೀಲಿ ಇಟ್ಟುಕೊಂಡು ಅದೇ ಲೆಕ್ಕ ಹಾಕಿ, ಕೊನೆಗೆ ತಪ್ಪು ಕೀಲಿಯವರಿಗೆ ಹೇಳುವ ಮಾತನ್ನೇ ಹೇಳಿ ಕಳಿಸಿ. "ಇಂಥ ಗಲ್ಲಾ ನಮ್ಮಲ್ಲಿಲ್ಲ" ಎಂದರೆ ನಿಮ್ಮ ಶಾಖೆಗಳ ಪಟ್ಟಿಯನ್ನು ನೀವೇ ಓದಿ ಹೇಳಿದ ಹಾಗೆ.

ಹಂತ 6: ಟಿಎಲ್‌ಎಸ್

ಇಷ್ಟೆಲ್ಲ ಮಾಡಿದ ಮೇಲೆ ಇಡೀ ಸಂಪರ್ಕವನ್ನೇ ಗೂಢಲಿಪಿಯಲ್ಲಿ ಮುಚ್ಚುವ ಟಿಎಲ್‌ಎಸ್ ಯಾಕೆ ಎಂದು ಕೇಳುವವರಿದ್ದಾರೆ. ನಡುವೆ ಕೂತವನು ಸರ್ವರಿನ ಸವಾಲನ್ನು ಗಲ್ಲಾಕ್ಕೆ ದಾಟಿಸಿ, ಗಲ್ಲಾದ ಉತ್ತರವನ್ನು ಸರ್ವರಿಗೆ ದಾಟಿಸಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಹರಿಯುವ ಲೆಕ್ಕವನ್ನು ಅವನು ಓದಬಹುದು, ತಿದ್ದಲೂಬಹುದು. ಟಿಎಲ್‌ಎಸ್‌ಗೆ ಬೇಕಾದ, ಸರ್ವರಿನ ಗುರುತು ಹೇಳುವ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಲ್ಲಿ ಪುಕ್ಕಟೆ ಸಿಗುತ್ತದೆ. ಪ್ರಮಾಣಪತ್ರದ ತಕರಾರು ಬಂತೆಂದು ಗಲ್ಲಾದ ಕೋಡಿನಲ್ಲಿ ವೆರಿಫೈ ಫಾಲ್ಸ್ ಎಂದು ಬರೆದು ಬಾಯಿ ಮುಚ್ಚಿಸುವವರು ಟಿಎಲ್‌ಎಸ್ ಹಾಕದಿದ್ದರೂ ನಡೆದೀತು, ಹೀಗೆ ನಡುವೆ ಕೂತವನಿಗೆ ವ್ಯತ್ಯಾಸವಿಲ್ಲ.

ಹಂತ 7: ಕೆಡಿಸಿ ನೋಡುವುದು

ಸರಿಯುತ್ತರಕ್ಕೆ ಬಾಗಿಲು ತೆರೆಯುವುದನ್ನು ನೋಡಿ ಖುಷಿಪಡಬೇಡಿ. ಒಮ್ಮೆ ಒಪ್ಪಿದ ಉತ್ತರವನ್ನೇ ಮತ್ತೆ ಕಳಿಸಿ. ಒಂದೇ ಉತ್ತರವನ್ನು ಎರಡು ಥ್ರೆಡ್‌ಗಳಿಂದ ಒಟ್ಟಿಗೆ ಕಳಿಸಿ, ಒಂದು ಮಾತ್ರ ಒಳಗೆ ಹೋಗಬೇಕು. 31 ಸೆಕೆಂಡು ಕಾದು ಕಳಿಸಿ. ಡೊಂಬಿವಲಿಗೆ ಕೊಟ್ಟ ಸವಾಲಿಗೆ ಥಾಣೆಯ ಕೀಲಿಯಿಂದ ಉತ್ತರಿಸಿ. ಉತ್ತರದ ಒಂದು ಬಿಟ್ ತಿರುಗಿಸಿ ಕಳಿಸಿ. ಥ್ರೆಡ್‌ಗಳ ಆ ಒಂದನ್ನು ಬಿಟ್ಟು ಇವ್ಯಾವುದನ್ನೂ ಸರ್ವರ್ ಒಳಗೆ ಬಿಡಬಾರದು. ಸವಾಲು ಕೊಟ್ಟ ಕೂಡಲೇ ಸರ್ವರನ್ನು ರೀಸ್ಟಾರ್ಟ್ ಮಾಡಿ; ಗಲ್ಲಾ ತಾನಾಗಿಯೇ ಹೊಸ ಸವಾಲು ಕೇಳಿ ಮುಂದುವರಿಯಬೇಕು. ಈ ಕೊನೆಯದನ್ನು ಬಿಟ್ಟವರಿಗೆ ರಾತ್ರಿ ಹನ್ನೊಂದೂವರೆಗೆ ಧಣಿಗಳ ಫೋನು ಬರುತ್ತದೆ.