ಸಿಮೆಂಟನ್ನು ಗಟ್ಟಿಯಾಗಲು ಬಿಡದ ಮರ

ಸಾಗರದ ಸುತ್ತಮುತ್ತ ಸಾಮಿಲ್ಲುಗಳ ಹೊಟ್ಟಿಗೆ ಬರವಿಲ್ಲ. ಬಚ್ಚಲೊಲೆಗೆ ಹೋಗಿ ಉಳಿದದ್ದು ಮಳೆಗೆ ಕೊಳೆಯುತ್ತದೆ. ಅಡಿಕೆ ಶೆಡ್ಡಿನ ಗೋಡೆಗೆ ಹೊಡೆಸಿದ ಪ್ಲೈವುಡ್ಡನ್ನು ಎರಡು ಸಲ ಗೆದ್ದಲಿಗೆ ಉಣಿಸಿದ ಮೇಲೆ, ಈ ಹೊಟ್ಟನ್ನೇ ಸಿಮೆಂಟಿನಲ್ಲಿ ಕಲಸಿ ಹಲಗೆ ಒತ್ತಲು ಹೊರಟೆ.

ಮೊದಲ ಹಲಗೆ ಮೂರು ದಿನವಾದರೂ ಉಗುರಿಗೆ ಕಿತ್ತು ಬರುತ್ತಿತ್ತು. ಸಿಮೆಂಟ್ ಹಳಸಿರಬೇಕೆಂದು ಹೊಸ ಚೀಲ ತಂದೆ. ಅದೂ ಅದೇ ಕಥೆ. ತಪ್ಪು ಮರದ್ದು. ನಾನು ತಂದದ್ದು ಅಕೇಶಿಯಾ ಹೊಟ್ಟು. ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿ ಬೆಳಿಗ್ಗೆ ನೋಡಿದರೆ ನೀರು ಹಾಲು ಹಾಕದ ಚಹಾದಂತಿತ್ತು. ಆ ಬಣ್ಣದೊಳಗಿನ ಟ್ಯಾನಿನ್ ಎಂಬ ಒಗರೂ ಮರದ ಸಕ್ಕರೆಯೂ ಸೇರಿ, ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಕಾವನ್ನೇ ಕೊಲ್ಲುತ್ತವೆ.

ಯಾವ ಮರ ಒಗ್ಗುತ್ತದೆಂದು ತಿಳಿಯಲು ಮನೆಯ ಥರ್ಮಾಸ್ ಸಾಕು. ನಮ್ಮದು ಆಮೇಲೆ ಅಡುಗೆಮನೆಗೆ ಮರಳಲಿಲ್ಲ, ಅದು ಬೇರೆ ಜಗಳ. 200 ಗ್ರಾಂ ಸಿಮೆಂಟ್, 15 ಗ್ರಾಂ ಮರದ ಪುಡಿ, 90 ಮಿಲಿ ನೀರು. ಪ್ಲಾಸ್ಟಿಕ್ ಚೀಲದಲ್ಲಿ ಕಲಸಿ, ಉಷ್ಣಮಾಪಕ ಚುಚ್ಚಿ, ಥರ್ಮಾಸಿಗೆ ಇಳಿಸಿ ಒಂದು ದಿನ ಕಾಯಬೇಕು. ಕಾವು 60 ಡಿಗ್ರಿ ದಾಟಿದರೆ ಆ ಮರ ಆಗುತ್ತದೆ. 50ರ ಕೆಳಗೇ ಉಳಿದರೆ ಆಗದು. ಅಕೇಶಿಯಾ 50ರ ಹತ್ತಿರವೂ ಸುಳಿಯಲಿಲ್ಲ. ಬಿಸಿನೀರಿನಲ್ಲಿ ತೊಳೆದ ಸಿಲ್ವರ್ ಓಕ್, ಸಿಮೆಂಟಿನ ತೂಕದ ಶೇ. 3ರಷ್ಟು ಕ್ಯಾಲ್ಸಿಯಂ ಕ್ಲೋರೈಡ್ (ಸಿಮೆಂಟನ್ನು ಬೇಗ ಗಟ್ಟಿಯಾಗಿಸುವ ಉಪ್ಪು) ಬೆರೆಸಿದ ಮೇಲೆ 60 ದಾಟಿತು.

ಇನ್ನೊಂದು ಪಾಠ, ನುಣ್ಣನೆಯ ಹೊಟ್ಟೇ ಸಾಲದು. ಅದು ಸಿಮೆಂಟನ್ನು ನುಂಗುತ್ತದೆ, ಹಲಗೆಯನ್ನು ಬಾಗದಂತೆ ಹಿಡಿಯುವುದಿಲ್ಲ. ಬಡಗಿಯ ಕೀಸುಳಿಯಿಂದ ಉದುರುವ ಸುರುಳಿ ಸಿಪ್ಪೆ ಮುಕ್ಕಾಲು, ಹೊಟ್ಟು ಕಾಲು ಭಾಗ ಎಂದು ನಿಲ್ಲಿಸಿದ್ದೇನೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಂಗುಲ ದಪ್ಪದ ಹಲಗೆಗೆ ಒಣಗಿದ ಮರ 1.3 ಕಿಲೋ, ಸಿಮೆಂಟ್ 3.25 ಕಿಲೋ. ಒಂದು ಚೀಲಕ್ಕೆ ಹದಿನೈದು ಹಲಗೆ. ನೀರಿನ ಹದ ಕೈಗೆ ಬಿಟ್ಟದ್ದು: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು.

ಚೌಕಟ್ಟಿಗೆ ತುಂಬಿ, ಎರಡು ದಪ್ಪ ಹಲಗೆಗಳ ನಡುವೆ ಜೀಪಿನ ಜಾಕಿನಿಂದ ಒತ್ತಿ, ಬೋಲ್ಟು ಬಿಗಿದು ಇಡೀ ದಿನ ಹಾಗೆಯೇ ಬಿಡುತ್ತೇನೆ. ಅವಸರಪಟ್ಟು ಸಂಜೆಗೇ ಬಿಚ್ಚಿದ ಒಂದು ಹಲಗೆ ಬೆಳಗಾಗುವಷ್ಟರಲ್ಲಿ ಹಾಸಿಗೆಯಂತೆ ಉಬ್ಬಿಕೊಂಡಿತ್ತು. ಬಿಚ್ಚಿದ ಮೇಲೆ ಒದ್ದೆ ಗೋಣಿಯಡಿ ನಾಲ್ಕು ವಾರ.

ಮೊದಲ ಸಾಲಿಗೆ ಬಳಸಿದ ಸಾದಾ ಮೊಳೆಗಳು ಒಂದೇ ಮಳೆಗಾಲಕ್ಕೆ ತುಕ್ಕಿಳಿಸಿದವು, ಕ್ಲೋರೈಡಿನ ಕೆಲಸ. ಈಗ ಸ್ಟೇನ್‌ಲೆಸ್ ಸ್ಕ್ರೂ. ಹಲಗೆಗೆ ಗೆದ್ದಲು ಹತ್ತಿಲ್ಲ. ಅಕೇಶಿಯಾ ಹೊಟ್ಟಿನ ಮೂಟೆಗಳು ಮಾತ್ರ ಬಚ್ಚಲೊಲೆಯ ಪಕ್ಕದಲ್ಲಿ ಕುಳಿತಿವೆ. ಅಲ್ಲಿ ಅವು ಚೆನ್ನಾಗಿ ಉರಿಯುತ್ತವೆ.