ಹೆಸರು ಗೊತ್ತಿಲ್ಲದ ಕಡ್ಡಿ ಕೈಗೆ ಬಂದರೆ

ನಮ್ಮ ಶಿಡ್ಲಘಟ್ಟದ ಕಡೆ ಕಡ್ಡಿ ನೆಡೋದನ್ನ ಯಾರಿಗೂ ಹೇಳಿಕೊಡಬೇಕಿಲ್ಲ. ಹಿಪ್ಪುನೇರಳೆ ತೋಟ ಏಳೋದೇ ಮೂರು ಕಣ್ಣಿನ, ಅಂದರೆ ಚಿಗುರೊಡೆಯೋ ಮೂರು ಮೊಗ್ಗಿನ ಕಡ್ಡಿಯಿಂದ. ಆದರೆ ನೆಂಟರ ಮನೆಯಿಂದ ಒದ್ದೆ ಬಟ್ಟೆ ಸುತ್ತಿ ತಂದ, ಹೆಸರೇ ಗೊತ್ತಿಲ್ಲದ ಕಡ್ಡಿ ಅಂದರೆ ಎಲ್ಲರೂ ಫೋಟೊದಿಂದ ಹೆಸರು ಹುಡುಕೋಕೆ ಮೊದಲು ಮೊಬೈಲ್ ತೆಗೀತಾರೆ. ಅದನ್ನ ಕೊನೆಗೆ ಇಟ್ಟುಕೊಳ್ಳಿ. ಎರಡೆಲೆಯ ಎಳೆ ಕಡ್ಡಿಗೆ ಫೋನು ನಾಲ್ಕು ಹೆಸರು ಹೇಳುತ್ತೆ. ಬೆಳೆದಾಗ ಎಲೆಯ ರೂಪವೇ ಬದಲಾಗೋ ಗಿಡಗಳೂ ಇವೆ. ಕುಂಡದಲ್ಲಿ ಅಂಗೈಯಗಲ ಇರೋ ಮನಿ ಪ್ಲಾಂಟ್ ಎಲೆ ತೆಂಗಿನ ಮರ ಹತ್ತಿದರೆ ಮೊರದಷ್ಟಾಗಿ, ಅಂಚು ಸೀಳಿಕೊಂಡಿರುತ್ತೆ.

ಕೊಟ್ಟವರನ್ನ ಕೇಳಿ: ತಾಯಿಗಿಡ ಬಿಸಿಲಲ್ಲಿತ್ತಾ, ನೆರಳಲ್ಲಾ? ಹಬ್ಬುತ್ತಾ, ನೆಟ್ಟಗೆ ನಿಲ್ಲುತ್ತಾ? ಹೂ ಬಿಟ್ಟಿತ್ತಾ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಆಯ್ತು.

ಆಮೇಲೆ ಕಾಂಡ ಮುಟ್ಟಿ ನೋಡಿ. ಚೌಕ ಕಾಂಡ, ಎದುರುಬದುರು ಎಲೆ ಇದ್ದರೆ ತುಳಸಿ, ದೊಡ್ಡಪತ್ರೆ, ಬಣ್ಣದೆಲೆಯ ಕೋಲಿಯಸ್ ಇರೋ ಕುಟುಂಬದ್ದಿರಬಹುದು. ಎಲೆ ಉಜ್ಜಿದಾಗ ವಾಸನೆ ಬಂದರೆ ಇನ್ನಷ್ಟು ನಂಬಬಹುದು. ಮುರಿದಾಗ ಹಾಲು ಬಂದರೆ ಆಲದ ಜಾತಿಯದ್ದೋ ಕಳ್ಳಿ ಜಾತಿಯದ್ದೋ ಆಗಿರಬಹುದು. ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಬಾಣದ ಮೊನೆಯಂಥ ಎಲೆಯ ಸಿಂಗೋನಿಯಮ್ಮಿಗೂ ಹಾಲಿದೆ. ಗಿಣ್ಣಿನ ಹತ್ತಿರ ಬೇರಿನ ಮೊಳಕೆ ಚಾಚಿಕೊಂಡಿದ್ದರೆ ಮನಿ ಪ್ಲಾಂಟೋ ಫಿಲೊಡೆಂಡ್ರಾನೋ ಇರಬಹುದು. ಬೇರೆ ಮಾಡೋದು ಸುಲಭ: ಫಿಲೊಡೆಂಡ್ರಾನಿನ ಹೊಸ ಎಲೆ ಒಂದು ತೆಳು ಪೊರೆಯೊಳಗಿಂದ ಬರುತ್ತೆ, ಆ ಪೊರೆ ಒಣಗಿ ಉದುರುತ್ತೆ. ಮನಿ ಪ್ಲಾಂಟಿಗೆ ಅಂಥ ಪೊರೆ ಇಲ್ಲ. ಸಿಂಗೋನಿಯಮ್, ಮನಿ ಪ್ಲಾಂಟ್, ಫಿಲೊಡೆಂಡ್ರಾನ್ ಮೂರೂ ಕೆಸುವಿನ ಸಂಬಂಧಿಗಳೇ, ಬಾಯಿಗಿಟ್ಟರೆ ತುರಿಕೆ. ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಎಲೆ ದಪ್ಪ, ನೀರು ತುಂಬಿದಂತಿದ್ದರೆ ಕೊಯ್ದ ಜಾಗ ನೆರಳಲ್ಲಿ ಎರಡು ಮೂರು ದಿನ ಒಣಗಿಸಿ ನೇರವಾಗಿ ಮರಳು ಬೆರೆಸಿದ ಮಣ್ಣಿಗಿಡಿ. ತೆಳು ಎಲೆಯದ್ದನ್ನ ನೀರಿಗೆ ಹಾಕಿ. ಒಂದು ಗಿಣ್ಣಾದರೂ ಮುಳುಗಬೇಕು, ಎಲೆ ಮುಳುಗಬಾರದು. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಎಲೆ ಉದುರಿದ ಕಡ್ಡಿಯ ಬುಡ ಯಾವುದು, ತುದಿ ಯಾವುದು ಅಂತ ಅನುಮಾನ ಬಂದರೆ ಎಲೆ ಉದುರಿದ ಗುರುತು ಹುಡುಕಿ. ಕಣ್ಣು ಆ ಗುರುತಿನ ಮೇಲ್ಗಡೆ ಇರುತ್ತೆ. ತಲೆಕೆಳಗಾಗಿ ನೆಡೋದು ತಪ್ಪುತ್ತೆ.

ಬೇರು ಎರಡು ಇಂಚು ಬಂದ ಮೇಲೆ ಕುಂಡಕ್ಕೆ. ಬರೀ ಕೆಮ್ಮಣ್ಣು ಕುಂಡದಲ್ಲಿ ಗಟ್ಟಿ ಕಟ್ಟುತ್ತೆ. ಅದಕ್ಕೆ ತೆಂಗಿನ ನಾರಿನ ಪುಡಿ, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಸೇರಿಸಿ. ತಳದಲ್ಲಿ ತೂತು ಇರಲೇಬೇಕು. ಮೊದಲ ವಾರ ನೆರಳು. ಬೆರಳಿನ ಒಂದು ಗಿಣ್ಣು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು.

ನೀರಿನ ವಿಷಯ ಬೇರೆ ಊರಿನವರು ಇಷ್ಟು ಒತ್ತಿ ಹೇಳಲ್ಲ, ನಾನು ಹೇಳಲೇಬೇಕು. ಚಿಕ್ಕಬಳ್ಳಾಪುರ, ಕೋಲಾರದ ಆಳದ ಬೋರ್‌ವೆಲ್ ನೀರಲ್ಲಿ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ. ಸ್ಪೈಡರ್ ಪ್ಲಾಂಟ್, ಡ್ರಸೀನಾ ಥರದ ಗಿಡಗಳಿಗೆ ಇದು ಆಗಿಬರಲ್ಲ. ಎಲೆಯ ತುದಿ ಕಂದಾಗಿ ಸುಟ್ಟಂತಾಗುತ್ತೆ. ಲಕ್ಕಿ ಬ್ಯಾಂಬೂ ಅಂತ ಮಾರೋದು ಬಿದಿರಲ್ಲ, ಡ್ರಸೀನಾನೇ, ಅದಕ್ಕೂ ಇದೇ ಪಾಡು. ಜನ ನೀರು ಸಾಲದೇನೋ ಅಂದುಕೊಂಡು ಅದೇ ನೀರನ್ನ ಇನ್ನಷ್ಟು ಹಾಕ್ತಾರೆ. ಕಾಯಿಸಿ ಆರಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತೆ. ಆರ್‌ಓ ಯಂತ್ರದಿಂದ ಹೊರಗೆ ಬೀಳೋ ನೀರಂತೂ ಬೇಡವೇ ಬೇಡ, ಶೋಧಿಸಿ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತೆ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇದೆ, ಈ ಗಿಡಗಳಿಗೆ ಹಾಕಬೇಡಿ. ತಾರಸಿಯ ಮಳೆನೀರು ಡ್ರಮ್ಮಲ್ಲಿ ಹಿಡಿದು, ಸೊಳ್ಳೆ ಬರದ ಹಾಗೆ ಮುಚ್ಚಿಟ್ಟುಕೊಳ್ಳಿ. ಹೆಸರು ಗೊತ್ತಾಗದ ಗಿಡಕ್ಕೆ, ಗೊತ್ತಾಗೋವರೆಗೆ ಅದನ್ನೇ ಹಾಕಿ.

ಹೂ ಬಂದಾಗ ಹೂವು, ಎಲೆಯ ಹಿಂಭಾಗ, ಗಿಣ್ಣು ಮೂರರದ್ದೂ ಫೋಟೊ ತೆಗೀರಿ. ಫೋನು ಆಗ ಹೇಳೋ ಹೆಸರನ್ನ ನಿಮ್ಮ ಕಣ್ಣಿಗೆ ಕಂಡ ಗುರುತುಗಳ ಜೊತೆ ತಾಳೆ ನೋಡಬಹುದು.

ಮಳೆಗಾಲದಲ್ಲಿ ನೆಟ್ಟದ್ದು ಬೇಗ ಹಿಡಿಯುತ್ತೆ. ಡಿಸೆಂಬರ್, ಜನವರಿಯ ನಮ್ಮ ಚಳಿಗೆ ಕಡ್ಡಿ ಸುಮ್ಮನೆ ಕೂತುಬಿಡುತ್ತೆ. ಬೇರು ಬಂತಾ ಅಂತ ಕಿತ್ತು ನೋಡಬೇಡಿ. ಗಟ್ಟಿ ಕಾಂಡದ್ದಾದರೆ ಉಗುರಲ್ಲಿ ಸಿಪ್ಪೆ ಒಂಚೂರು ಕೆರೆಯಿರಿ. ಒಳಗೆ ಹಸಿರಿದ್ದರೆ ಬಿಟ್ಟುಬಿಡಿ. ಕಂದಾಗಿ ಮೆತ್ತಗಾಗಿದ್ದರೆ ಕೊಳೆತ ಭಾಗ ಕೊಯ್ದು, ಗಟ್ಟಿ ಉಳಿದ ಗಿಣ್ಣಿಂದ ಮತ್ತೆ ನೆಡಿ.