ಬೋರ್‌ವೆಲ್ ನೀರಿನ ಗೀಸರ್: ಎಲಿಮೆಂಟ್ ಉಜ್ಜಿದರೆ ಸಾಲದು, ಆನೋಡನ್ನೂ ನೋಡಿ

ಗೀಸರ್ ಹಾಕಿದ ಕೂಡಲೇ ಒಳಗಿಂದ ಚಟಪಟ ಸದ್ದು ಬರುತ್ತಿದ್ದರೆ ಎಲಿಮೆಂಟಿಗೆ (ನೀರು ಕಾಯಿಸುವ ಸುರುಳಿಗೆ) ಸುಣ್ಣ ಕಟ್ಟಿದೆಯೇ ಎಂದು ನೋಡಬೇಕು. ಬೋರ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾದಾಗ ಕಾರ್ಬನೇಟ್ ಆಗಿ ಗಟ್ಟಿಯಾಗುತ್ತದೆ. ಎಲ್ಲಕ್ಕಿಂತ ಬಿಸಿಯಿರುವ ಜಾಗ ಎಲಿಮೆಂಟ್, ಹಾಗಾಗಿ ಮೊದಲು ಅಲ್ಲೇ ಕೂರುತ್ತದೆ. ಪದರ ದಪ್ಪವಾದಷ್ಟೂ ಶಾಖ ನೀರಿಗೆ ದಾಟದೆ ಎಲಿಮೆಂಟೇ ಸುಡುತ್ತದೆ. ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಿಮ್ಮದು 300 ದಾಟಿದ್ದರೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಿ.

ಎಂಸಿಬಿ ಇಳಿಸಿ, ಪ್ಲಗ್ ಕಿತ್ತಿಡಿ. ಹಳೇ ಮನೆಗಳಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿರುವುದುಂಟು. ಆಗ ಸ್ವಿಚ್ ಮಾತ್ರ ಆರಿಸಿದರೆ ಒಳಗೆ ಕರೆಂಟ್ ಇರುತ್ತದೆ, ಟೆಸ್ಟರ್ ಹಿಡಿದು ನೋಡದೆ ಕೈ ಹಾಕಬೇಡಿ. ಬಿಸಿ ನಲ್ಲಿಯಲ್ಲಿ ತಣ್ಣೀರು ಬರುವವರೆಗೆ ಹರಿಸಿ, ಆಮೇಲೆ ಒಳಹರಿವಿನ ಆಂಗಲ್ ಕಾಕ್ (ಗೀಸರಿಗೆ ನೀರು ಬರುವ ಪೈಪಿನ ನಲ್ಲಿ) ಮುಚ್ಚಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮನೆಯಲ್ಲಿ ಅದು ತುಕ್ಕು ಹಿಡಿದು ಪೂರ್ತಿ ನಿಲ್ಲದಿದ್ದರೆ ಮೇಲಿನ ಟ್ಯಾಂಕಿನ ವಾಲ್ವನ್ನೇ ಬಂದ್ ಮಾಡಿ. ಬಿಸಿ ನಲ್ಲಿ ತೆರೆದಿಟ್ಟು ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಸೇಫ್ಟಿ ವಾಲ್ವಿನ ಲಿವರ್ ಎತ್ತಿ, ನೀರು ಇಳಿಯಲಿ.

ಕೆಳಗಿನ ಕವರ್ ಬಿಚ್ಚಿ, ವೈರುಗಳ ಫೋಟೋ ತೆಗೆದು, ಫ್ಲೇಂಜಿನ (ಎಲಿಮೆಂಟ್ ಕೂರಿಸಿರುವ ಲೋಹದ ತಟ್ಟೆಯ) ನಟ್ ಬಿಚ್ಚಿ. ಎಲಿಮೆಂಟ್ ಜೊತೆಗೆ ತಳದಲ್ಲಿ ಬಿದ್ದಿರುವ ಮೊಟ್ಟೆಚಿಪ್ಪಿನಂಥ ಸುಣ್ಣದ ಚೂರುಗಳೂ ಬರುತ್ತವೆ, ಉಳಿದವನ್ನು ಕೈಯಲ್ಲೇ ತೆಗೆಯಿರಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ, ಟರ್ಮಿನಲ್ ಒದ್ದೆಯಾಗದಂತೆ ಎಲಿಮೆಂಟನ್ನು ಮುಳುಗಿಸಿ. ನೊರೆ ನಿಂತಮೇಲೆ ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿ. ಬಚ್ಚಲು ತೊಳೆಯುವ ಆಸಿಡ್ ದಯವಿಟ್ಟು ಬೇಡ, ಅದು ಲೋಹವನ್ನೇ ತಿನ್ನುತ್ತದೆ. ಸ್ಕ್ರೂಡ್ರೈವರಿನಿಂದ ಕೆರೆಯುವುದೂ ಬೇಡ.

ಬಹಳ ಮಂದಿ ಇಲ್ಲಿಗೆ ಮುಗಿಸಿಬಿಡುತ್ತಾರೆ. ಪಕ್ಕದಲ್ಲಿರುವ ಆನೋಡ್ ರಾಡನ್ನು ಯಾರೂ ನೋಡುವುದಿಲ್ಲ. ಗೀಸರ್ ಟ್ಯಾಂಕಿನ ಉಕ್ಕು ತುಕ್ಕು ಹಿಡಿಯದಂತೆ ಈ ಮೆಗ್ನೀಸಿಯಂ ರಾಡ್ ತಾನೇ ಕರಗಿಹೋಗುತ್ತದೆ. ನಡುವಿನ ತಂತಿ ಕಾಣುತ್ತಿದ್ದರೆ, ಅಥವಾ ಅರ್ಧಕ್ಕಿಂತ ಸಣ್ಣಗಾಗಿದ್ದರೆ ಬದಲಿಸಿ. ತಿರುಪಿನ (ಥ್ರೆಡ್) ಅಳತೆ ತಪ್ಪದಿರಲು ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಎಲಿಮೆಂಟ್ ಹೋದರೆ ಹೊಸದು ಸಿಗುತ್ತದೆ, ಟ್ಯಾಂಕ್ ತೂತಾದರೆ ಗೀಸರೇ ಹೋಯಿತು.

ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೊಸದನ್ನೇ ಹಾಕಿ, ನಟ್‌ಗಳನ್ನು ಎದುರುಬದುರು ಬಿಗಿಯಿರಿ. ಬಿಸಿ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಒಂದೇ ಸಮ ಬಂದಮೇಲಷ್ಟೇ ಸ್ವಿಚ್ ಹಾಕಿ. ಒಣ ಎಲಿಮೆಂಟ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಥರ್ಮೋಸ್ಟಾಟ್ 60 ಡಿಗ್ರಿ ಮೀರದಿರಲಿ, ಬಿಸಿ ಏರಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ನೀರು ಕಾಯುವಾಗ ಸೇಫ್ಟಿ ವಾಲ್ವಿನಿಂದ ಹನಿ ಬೀಳುವುದು ಸಹಜ, ಅದಕ್ಕೆ ಯಾವತ್ತೂ ಬಿರಡೆ ಹಾಕಬೇಡಿ.